ಬಾಲ್ ಕುಡಿದ ಎಣ್ಣೆ

ಮೈಸೂರಿನಲ್ಲಿ ನನ್ನ ಸೋದರಮಾವನ ಮನೆಯ ಹಿತ್ತಿಲ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಅಡ್ಡ ಇಟ್ಟಿದ್ದು ಕಲ್ಲಲ್ಲ, ಒಂದು ಬೌಲಿಂಗ್ ಬಾಲ್. ಕಡುನೀಲಿ ಬಣ್ಣ, ಮಧ್ಯೆ ಹೊಗೆಯ ಹಾಗೆ ಬೂದು ಗೆರೆಗಳು, ಬೆರಳಿಗೆ ಮೂರು ತೂತು. ತೂಕ 15 ಪೌಂಡ್, ಅಂದ್ರೆ ಸುಮಾರು 6.8 ಕೆಜಿ. ಅಮೆರಿಕದಿಂದ ವಾಪಸ್ ಬರುವಾಗ ಲಗೇಜಿನಲ್ಲಿ ಅಷ್ಟು ತೂಕ ಇದಕ್ಕೇ ಕೊಟ್ಟರಲ್ಲ ಅಂತ ಅತ್ತೆಗೆ ಇವತ್ತಿಗೂ ಸಿಟ್ಟು. ಅವರ ಪಾತ್ರೆಗಳೆಲ್ಲ ಅಲ್ಲೇ ಉಳಿದವಂತೆ.

ದಸರಾ ರಜೆಯಲ್ಲಿ ಅದನ್ನ ನಾನು ಬೆಂಗಳೂರಿಗೆ ಹೊತ್ತುಕೊಂಡು ಬಂದೆ. ಕಾರಣ ದೊಡ್ಡದೇನಲ್ಲ. ನಾವು ನಾಲ್ಕು ಜನ ತಿಂಗಳಿಗೊಮ್ಮೆ ಮಾಲ್‌ನಲ್ಲಿ ಬೌಲಿಂಗ್ ಆಡ್ತೀವಿ, ಸ್ವಂತ ಬಾಲ್ ತಗೊಂಡು ಹೋದ್ರೆ ಒಂದು ಗತ್ತು ಇರುತ್ತೆ ಅಂತ. ಮಾವ ಒಹಾಯೋದಲ್ಲಿ ಇದ್ದಾಗ ಪ್ರತಿ ಗುರುವಾರ ಸಂಜೆ ಆಫೀಸಿನವರ ಲೀಗ್‌ನಲ್ಲಿ ಆಡ್ತಿದ್ರು. ಈ ಬಾಲ್ ಕೊನೇಲಿ ಹೇಗೆ ತಿರುಗ್ತಿತ್ತು ಅಂತ ಗಾಳಿಯಲ್ಲಿ ಕೈಯಾಡಿಸಿ ತೋರಿಸ್ತಿದ್ರು, ಬಲಗಡೆ ಹೋಗಿ ಹೋಗಿ, ಇನ್ನೇನು ಗಟರ್‌ಗೆ ಬಿತ್ತು ಅನ್ನುವಾಗ ಒಳಗೆ ನುಗ್ಗೋದು.

ನಾನು ಎಸೆದರೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ ಹೋಯ್ತು. ನನಗೆ ಆಡೋಕೆ ಬರಲ್ಲ, ಹಾಗಾಗಿ ಅದು ಸಾಕ್ಷಿಯಲ್ಲ. ಅಲ್ಲಿ ಕೆಲಸ ಮಾಡುವ ಒಬ್ಬ ಅಣ್ಣನಿಗೆ ಚೆನ್ನಾಗಿ ಹುಕ್ ಮಾಡೋಕೆ ಬರುತ್ತೆ. ಅವನ ಬೆರಳು ಹೇಗೋ ಆ ತೂತುಗಳಿಗೆ ಹೊಂದಿಕೊಂಡಿತು. ಅವನು ಎಸೆದರೂ ನೇರವೇ. ತಿರುಗಿಸಿ ನೋಡಿ, "ಬಾಲ್ ಸತ್ತಿದೆ ಬ್ರೋ" ಅಂದ.

ರಾತ್ರಿ ಮಾವನಿಗೆ ಫೋನ್ ಮಾಡಿ ನಗ್ತಾ ಅದನ್ನೇ ಹೇಳಿದೆ. ಅವರು ನಗಲಿಲ್ಲ. "ಬಾಲ್ ಅಲ್ಲ ಕಣೋ, ನನ್ನ ಭುಜ ಸತ್ತಿದ್ದು" ಅಂದ್ರು. ಕೊನೆಯ ಸೀಸನ್‌ನಲ್ಲಿ ಅವರ ಸರಾಸರಿ 170ರ ಮೇಲಿದ್ದದ್ದು 150ಕ್ಕೆ ಇಳೀತಂತೆ. ವಯಸ್ಸಾಯ್ತು, ಟೀಮಿಗೆ ಭಾರ ಆಗಬಾರದು ಅಂತ ಅವರೇ ಲೀಗ್ ಬಿಟ್ಟರಂತೆ. ಆಗ ಅವರಿಗೆ 43. ಗುರುವಾರ ಸಂಜೆ ಬಿಟ್ಟ ಮೇಲೆ ಅಲ್ಲಿ ಮಾತಾಡೋಕೆ ಯಾರೂ ಇರಲಿಲ್ಲ ಅಂತ ಅಂದು, ತಕ್ಷಣ ನನ್ನ ಇಂಟರ್ನಲ್ಸ್ ಬಗ್ಗೆ ಕೇಳಿದ್ರು.

ಆ ರಾತ್ರಿ ನಾನು ಓದಬೇಕಿದ್ದದ್ದು ಥರ್ಮೋಡೈನಮಿಕ್ಸ್. ಓದಿದ್ದು ಬೌಲಿಂಗ್ ಬಾಲ್ ಬಗ್ಗೆ.

ಮೊದಲು ಬಾಲ್‌ಗಳನ್ನ ಗಟ್ಟಿ ಮರದಲ್ಲಿ ಮಾಡ್ತಿದ್ರು, 1905ರ ಹೊತ್ತಿಗೆ ರಬ್ಬರ್ ಬಂತು, ಆಮೇಲೆ ಪಾಲಿಯೆಸ್ಟರ್, 1980ರ ದಶಕದಲ್ಲಿ ಯುರೆಥೇನ್. ನಾವು ಮಾಲ್‌ನಲ್ಲಿ ಎತ್ತಿಕೊಳ್ಳುವ ಬಣ್ಣಬಣ್ಣದ ಬಾಲ್‌ಗಳು ಪಾಲಿಯೆಸ್ಟರ್. ಅವು ಎಣ್ಣೆ ಹೀರಲ್ಲ, ವರ್ಷಗಟ್ಟಲೆ ಹಾಗೇ ಇರ್ತವೆ, ಆದರೆ ತಿರುಗೋದೂ ಕಮ್ಮಿ. ಮಾವನದು ರಿಯಾಕ್ಟಿವ್ ರೆಸಿನ್. ಯುರೆಥೇನ್‌ಗೆ ಬೇರೆ ರಾಸಾಯನಿಕ ಸೇರಿಸಿ 1990ರ ದಶಕದ ಆರಂಭದಲ್ಲಿ ಮಾಡಿದ್ದು. ಅದರ ಹೊರಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಇರ್ತವೆ.

ಲೇನ್ ಮೇಲೆ ಎಣ್ಣೆ ಹಚ್ಚಿರ್ತಾರೆ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? (ಆ ಎಣ್ಣೆ ಅಲ್ಲ, ಹಾಸ್ಟೆಲ್‌ನವರು ನಗಬೇಡಿ.) ಪಿನ್‌ಗಳವರೆಗೆ ಇರೋದು 60 ಅಡಿ. ಮೊದಲ 40 ಅಡಿಯಷ್ಟು ಸಾಮಾನ್ಯವಾಗಿ ಎಣ್ಣೆ, ಉಳಿದದ್ದು ಒಣ. ಎಣ್ಣೆ ಮೇಲೆ ಬಾಲ್ ಜಾರುತ್ತೆ, ಒಣ ಜಾಗಕ್ಕೆ ಬಂದ ಕೂಡಲೇ ಹಿಡಿತ ಸಿಕ್ಕಿ ತಿರುಗುತ್ತೆ. ರಿಯಾಕ್ಟಿವ್ ಬಾಲ್ ತನ್ನ ಮೈಗೆ ಅಂಟಿದ ಎಣ್ಣೆಯನ್ನ ಒಳಗೆ ಎಳೆದುಕೊಳ್ಳುತ್ತೆ, ಅದಕ್ಕೇ ಅದರ ಹಿಡಿತ ಅಷ್ಟು ಜೋರು. ಪ್ರತಿ ಎಸೆತದಲ್ಲೂ ಸ್ವಲ್ಪ ಸ್ವಲ್ಪ ಕುಡಿದು ಕುಡಿದು ಒಂದು ದಿನ ರಂಧ್ರಗಳು ತುಂಬಿಹೋಗ್ತವೆ. ಜೊತೆಗೆ ಲೇನ್‌ಗೆ ಉಜ್ಜಿ ಉಜ್ಜಿ ಮೈಯ ಒರಟುತನವೂ ಸವೆಯುತ್ತೆ. ಅದಕ್ಕೇ ಆಡಿದ ಕೂಡಲೇ ಒರೆಸಬೇಕು, ಸುಮಾರು 60 ಆಟಕ್ಕೊಮ್ಮೆ ಮೇಲ್ಮೈ ಉಜ್ಜಿಸಬೇಕು ಅಂತ ತಯಾರಕರೇ ಹೇಳ್ತಾರೆ.

ಮಾವನ ಲೆಕ್ಕ ಹಾಕಿದೆ. ಗುರುವಾರಕ್ಕೆ 3 ಆಟ, ಸೀಸನ್‌ಗೆ 30 ಗುರುವಾರ, ನಾಲ್ಕು ಸೀಸನ್. 360 ಆಟ. ಒಂದು ಸಲವೂ ಉಜ್ಜಿಸಿರಲಿಲ್ಲ. ಹಾಗೆ ಉಜ್ಜಿಸಬೇಕು ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಹಾಗಾದ್ರೆ ಹೋಗಿದ್ದು ಭುಜವೋ ಬಾಲೋ? ಬಾಲ್ ಅಂತ ತೋರಿಸಿದರೆ ಅವರಿಗೆ ಖುಷಿಯಾಗುತ್ತೋ, ಸುಮ್ಮನೆ ಬಿಟ್ಟುಬಂದೆನಲ್ಲ ಅಂತ ಹೊಟ್ಟೆ ಉರಿಯುತ್ತೋ, ನನಗೆ ಗೊತ್ತಾಗಲಿಲ್ಲ. ಆದರೂ ಬಕೆಟ್ ತಗೊಂಡೆ.

ಓವನ್‌ನಲ್ಲಿ ಇಟ್ಟು ಎಣ್ಣೆ ಇಳಿಸೋರೂ ಇದ್ದಾರೆ. ಅದು ಅಪಾಯ. ಒಳಗಿನ ತಿರುಳು, ಹೊರಗಿನ ಪದರ ಒಂದೇ ಥರ ಹಿಗ್ಗಲ್ಲ, ಬಿರುಕು ಬಿಡುತ್ತೆ. ಬಿಸಿನೀರು ವಾಸಿ, 60 ಡಿಗ್ರಿ ಸೆಲ್ಸಿಯಸ್ ಮೀರಬಾರದು. ನಮ್ಮ ಹಾಸ್ಟೆಲ್ ಗೀಸರ್ ಆ ಮಟ್ಟಕ್ಕೆ ಹೋಗುವ ಭಯವೇ ಇಲ್ಲ. ತೂತುಗಳಿಗೆ ಟೇಪ್ ಸುತ್ತಿ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಾಲ್ ಇಳಿಸಿದೆ. (12 ಪೌಂಡ್‌ಗಿಂತ ಹಗುರ ಇದ್ದಿದ್ರೆ ತೇಲ್ತಿತ್ತು, ಇದು ಮುಳುಗಿತು.) ಇಪ್ಪತ್ತು ನಿಮಿಷ ಬಿಟ್ಟು ಎತ್ತಿದರೆ ಮೈತುಂಬ ಬೆವರಿನ ಹಾಗೆ ಸಣ್ಣ ಸಣ್ಣ ಹನಿ. ಮುಟ್ಟಿದರೆ ಜಿಡ್ಡು. ಒರೆಸಿ ಮತ್ತೆ ಇಳಿಸಿದೆ, ಮತ್ತೆ ಬಂತು. ಒಂಬತ್ತು ಸಲ. ಒಹಾಯೋದ ಯಾವುದೋ ಲೇನಿನ ಎಣ್ಣೆ ನಮ್ಮ ಎರಡನೇ ಮಹಡಿಯ ಬಾತ್‌ರೂಮಿನಲ್ಲಿ, ನನ್ನ ಹಳೇ ಬನಿಯನ್ ಮೇಲೆ. ಆಮೇಲೆ ಹಾರ್ಡ್‌ವೇರ್ ಅಂಗಡಿಯಿಂದ 1000 ನಂಬರಿನ ವಾಟರ್ ಪೇಪರ್ ತಂದು ಒದ್ದೆ ಮಾಡಿ ಉಜ್ಜಿದೆ.

ಲ್ಯಾಬ್‌ನಲ್ಲಿ ಶೋರ್ ಡಿ ಗಡಸುತನ ಅಳೆಯೋ ಮೀಟರ್ ಇದೆ. ಮೊದಲು ಅಳೆದಾಗಲೂ, ತೊಳೆದ ಮೇಲೂ 75ರ ಆಸುಪಾಸೇ ಬಂತು. ಗಡಸುತನ ಕೂಡ ದೊಡ್ಡ ವಿಷಯವೇ. 1973ರಲ್ಲಿ ಡಾನ್ ಮೆಕ್‌ಕ್ಯೂನ್ ಅನ್ನೋ ವೃತ್ತಿಪರ ಆಟಗಾರ ಪ್ಲಾಸ್ಟಿಕ್ ಬಾಲನ್ನ ಮಿಥೈಲ್ ಈಥೈಲ್ ಕೀಟೋನ್‌ನಲ್ಲಿ ನೆನೆಸಿ ಮೆತ್ತಗೆ ಮಾಡ್ಕೊಂಡು ಆ ವರ್ಷ ಆರು ಟೂರ್ನಮೆಂಟ್ ಗೆದ್ದ. ಅದಾದ ಮೇಲೆ ಕನಿಷ್ಠ ಗಡಸುತನದ ನಿಯಮ ಬಂತು, ಅಮೆರಿಕದಲ್ಲಿ ದಶಕಗಳ ಕಾಲ 72 ಅಂತ ಇತ್ತು. ನಮ್ಮ ಬಾಲ್‌ದು ಆ ತೊಂದರೆ ಅಲ್ಲ ಅಂತ ಖಾತ್ರಿಯಾಯ್ತು.

ಸಂಕ್ರಾಂತಿ ಆದ ಮೇಲಿನ ಶನಿವಾರ ಮಾವ, ಅತ್ತೆ ಬೆಂಗಳೂರಿಗೆ ಬಂದರು. ಲೇನ್‌ಗೆ ಎಣ್ಣೆ ಹಾಕಿದ ಬೆಳಿಗ್ಗೆಯೇ ಬನ್ನಿ ಅಂತ ಆ ಅಣ್ಣ ಹೇಳಿದ್ದ. ಲೇನ್ ಒಣಗಿದ್ರೆ ಸತ್ತ ಬಾಲೂ ತಿರುಗುತ್ತಂತೆ, ಪರೀಕ್ಷೆ ಆಗಲ್ಲ. ಮಾವ ಬಾಡಿಗೆ ಶೂ ಹಾಕ್ಕೊಂಡು ತುಂಬಾ ಹೊತ್ತು ಬಾಲ್ ಹಿಡಿದು ನಿಂತಿದ್ರು. ಅವರ ಹೆಬ್ಬೆರಳು ಆ ತೂತಿಗೆ ಸರಾಗ ಇಳೀತು, ನನ್ನದು ಯಾವತ್ತೂ ಹಾಗೆ ಇಳಿದಿರಲಿಲ್ಲ.

ಮೊದಲನೇದು ಗಟರ್. ಎರಡನೇದು ಬಲಗಡೆ ಹೋಗಿ, ಹೋಗಿ, ಒಣ ಜಾಗದಲ್ಲಿ ಒಳಗೆ ನುಗ್ಗಿತು. ಅವರು ಗಾಳಿಯಲ್ಲಿ ಎಳೆದು ತೋರಿಸ್ತಿದ್ದ ಅದೇ ಗೆರೆ. ಒಂಬತ್ತು ಪಿನ್ ಬಿತ್ತು. ಮಾವ ತಿರುಗಿ ನನ್ನ ಕಡೆ ನೋಡಲಿಲ್ಲ, ಬಾಲ್ ವಾಪಸ್ ಬರುವ ಜಾಗದಲ್ಲೇ ಕಣ್ಣಿಟ್ಟು ನಿಂತಿದ್ರು.

ಆರನೇ ಫ್ರೇಮ್‌ಗೆ ಭುಜ ಹಿಡ್ಕೊಂಡು ಕೂತುಬಿಟ್ಟರು. ಅಂದ್ರೆ ಅದೂ ಸುಳ್ಳಲ್ಲ. ನಾನು ಏನೋ ಹೇಳೋಕೆ ಹೋದೆ, ಅತ್ತೆ ಸುಮ್ಮನಿರು ಅಂತ ಸನ್ನೆ ಮಾಡಿದ್ರು. ಸ್ವಲ್ಪ ಹೊತ್ತಾದ ಮೇಲೆ ಮಾವ ಜೇಬಿಂದ ಕರ್ಚೀಫ್ ತೆಗೆದು ಬಾಲ್ ಒರೆಸೋಕೆ ಶುರು ಮಾಡಿದ್ರು, ನಿಧಾನಕ್ಕೆ, ಎಣ್ಣೆಯ ಒಂದೊಂದೇ ಗೆರೆ ಹುಡುಕಿ ಹುಡುಕಿ.

"ಈಗ ಬಾಗಿಲಿಗೆ ಏನಿಡೋದು?" ಅಂದ್ರು ಅತ್ತೆ.

"ಒಂದು ಕಲ್ಲು ತಂದಿಡ್ತೀನಿ ಬಿಡೆ" ಅಂದ್ರು ಮಾವ.