ಗಿರಿಗದ್ದೆಯ ಮಜ್ಜಿಗೆ

ಕೃಷ್ಣೆ, ತುಂಗಭದ್ರೆಯರ ನಡುವಿನ ಬಯಲು ನಮ್ಮದು. ಅಲ್ಲಿನ ಯಾಪಲದಿನ್ನಿ ಕಡೆಯ ಕಾಲು ಎರೆಹೊಲದ ಬದುವಿನ ಮೇಲೆ ದಿನವಿಡೀ ನಡೆದೀತು, ಏರು ಮಾತ್ರ ಅದಕ್ಕೆ ಹೊಸದು. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ದಾರಿ ಹಿಡಿದು ಸ್ವಲ್ಪ ಹೊತ್ತಿಗೇ ಮೀನಖಂಡ ಬಿಗಿಯಿತು. 1712 ಮೀಟರ್ ಎತ್ತರದ ತುದಿಯ ಮಾತನ್ನು ಗುಂಪಿನಲ್ಲಿ ಯಾರೂ ಎತ್ತಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ಭಟ್ಟರ ಮನೆ ಇನ್ನೆಷ್ಟು ದೂರ?

ಐದಾರು ಕಿಲೋಮೀಟರ್ ಕಾಡು ಏರಿದ ಮೇಲೆ ಬಯಲು ಕಾಣುತ್ತದೆ. ಅದೇ ಗಿರಿಗದ್ದೆ. ಗಾಡಿ ಬರುವ ದಾರಿಯಿಲ್ಲದ ಆ ಜಾಗದಲ್ಲಿ ಭಟ್ಟರ ಹಳೆಯ ಮನೆ, ಅಂಗಳ, ಅಡಿಕೆ ಮರ. ನಾವು ಏದುಸಿರು ಬಿಡುತ್ತ ಏರಿದ ದಾರಿಯಲ್ಲೇ ಅಕ್ಕಿ ಬೇಳೆಯೂ ಮನುಷ್ಯರ ತಲೆ, ಹೆಗಲ ಮೇಲೆ ಬರಬೇಕು. ದಶಕಗಳಿಂದ ಚಾರಣಿಗರಿಗೆ ಅನ್ನ ಹಾಕುತ್ತಿರುವ ಮನೆ ಇದು.

ಒಂದು ಲೋಟ ಚಾ ಸಿಕ್ಕರೆ ಸಾಕು ಅಂದುಕೊಂಡಿದ್ದೆ. ತಟ್ಟೆಗೆ ಬಿಸಿ ಅನ್ನ ಬಿತ್ತು, ಮೇಲೆ ಸಾಂಬಾರು, ಪಕ್ಕದಲ್ಲಿ ಉಪ್ಪಿನಕಾಯಿ. ಆಮೇಲೆ ಮಜ್ಜಿಗೆ. ತೆಳ್ಳಗೆ, ಹದವಾದ ಹುಳಿ, ಕೈಗೆ ಉಪ್ಪು ಹತ್ತಿದಷ್ಟೇ ಉಪ್ಪು. ಅನ್ನದ ಗುಂಡಿಯಲ್ಲಿ ಅದು ಮೆಲ್ಲಗೆ ತುಂಬಿಕೊಂಡಿತು. ಬೇಸಿಗೆಯಲ್ಲಿ ಹೊಲದಿಂದ ಬಂದವರಿಗೆ ನಮ್ಮ ಮನೆಗಳಲ್ಲಿ ಕೊಡುವ ಮಜ್ಜಿಗೆಯ ತಂಪೇ ಅದರಲ್ಲೂ ಇತ್ತು. ಮೊದಲ ತುತ್ತಿಗೇ ಬೆವರಿನ ಮೈ ಹಗುರಾಯಿತು.

“ಇನ್ನು ಸ್ವಲ್ಪ ಹಾಕಲಾ?”

“ಸಾಕ್ರೀ.”

“ನಾಚಿಕೆ ಮಾಡ್ಬೇಡಿ, ಮೇಲೆ ಏನೂ ಸಿಗುವುದಿಲ್ಲ.”

ಬಡಿಸಿಯೇ ಬಿಟ್ಟರು. ಉಂಡ ತಟ್ಟೆಯನ್ನು ನಾವೇ ತೊಳೆದಿಟ್ಟೆವು. ಇದು ಹೋಟೆಲಲ್ಲ. ಮನೆ ಮೊದಲಿತ್ತು, ಚಾರಣದ ಹುಚ್ಚು ಆಮೇಲೆ ಬಂತು. ಬಂದವರು ಮನೆಯ ರೀತಿಗೆ ಹೊಂದಿಕೊಳ್ಳಬೇಕು. ಸುತ್ತಲ ಪುಷ್ಪಗಿರಿ ವನ್ಯಧಾಮಕ್ಕೂ ಅದೇ ಮಾತು. 2024ರ ಜನವರಿಯಲ್ಲಿ ಈ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು, ಮುಂದೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಒಳ್ಳೆಯದೇ ಆಯಿತು. ಒಂದು ಒಲೆ ಎಷ್ಟು ಮಂದಿಗೆ ಬೇಯಿಸೀತು, ಒಂದು ಕಾಡು ಎಷ್ಟು ಕಾಲುಗಳನ್ನು ತಾಳೀತು?

ಬಾಟಲಿಗಳಿಗೆ ನೀರು ತುಂಬಿಸಿಕೊಂಡೆವು. ಇನ್ನು ಮುಂದೆ ನೆರಳಿಲ್ಲ, ಕಲ್ಲು ಮಂಟಪದವರೆಗೆ ಹುಲ್ಲುಗುಡ್ಡ. ಇಳಿಯುವಾಗ ಊಟಕ್ಕೆ ಬರುವುದಿದ್ದರೆ ಈಗಲೇ ಹೇಳಿ ಹೋಗಬೇಕಂತೆ.

“ಎಲ್ಲಾರೂ ಬರ್ತೀವ್ರಿ” ಅಂದೆ.