ಬೀಳುವುದಕ್ಕೊಂದು ಇಳಿಜಾರು

ಮೂವತ್ತು ವರ್ಷ ಹಳಗನ್ನಡವನ್ನು ಪಾಠ ಮಾಡಿದವನು ಐವತ್ತಾರನೆಯ ವಯಸ್ಸಿನಲ್ಲಿ ಹಿಮದ ಮೇಲೆ ಜಾರುವುದನ್ನು ಕಲಿಯಲು ಹೊರಡುವುದು ವಿನೋದದ ಸಂಗತಿಯೆಂದೇ ನನ್ನ ಸಹೋದ್ಯೋಗಿಗಳು ಭಾವಿಸಿದ್ದಾರೆ. ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ ಸಂಶೋಧನೆ ನಡೆಸುತ್ತಿರುವ ಮಗಳು ಎರಡು ವರ್ಷಗಳಿಂದ ಕರೆಯುತ್ತಿದ್ದಾಳೆ. ಆಲ್ಪ್ಸ್ ಪರ್ವತಗಳನ್ನು ತೋರಿಸಿ ಕಳುಹಿಸುವುದು ಅವಳಿಗೆ ಸಾಲದು; ತಾನು ಅಲ್ಲಿ ಕಲಿತ ಸ್ಕೀಯಿಂಗನ್ನು ತಂದೆಯೂ ಒಮ್ಮೆ ಕಲಿಯಬೇಕೆಂಬುದು ಅವಳ ಹಟ. ಆಹಾರ, ಚಳಿ, ವಯಸ್ಸು ಎಂಬ ಮೂರು ಕಾರಣಗಳನ್ನು ಮುಂದೊಡ್ಡಿ ನಾನು ತಪ್ಪಿಸಿಕೊಳ್ಳುತ್ತ ಬಂದೆ. ಮೂರೂ ನಿಜವೇ. ಆದರೆ ನಾಲ್ಕನೆಯ ಕಾರಣವೊಂದಿತ್ತು. ಅದನ್ನು ನಾನು ನನಗೇ ಹೇಳಿಕೊಂಡಿರಲಿಲ್ಲ. ಬರುವ ಮಾರ್ಚಿಗೆಂದು ಪ್ರವಾಸದ ಯೋಜನೆ ಹಾಕಲು ಕುಳಿತಾಗ ಅದು ಬಯಲಾಯಿತು.

ಮೊದಲು ಆಹಾರದ ಮಾತು. ಟಿರೋಲ್ ಪ್ರಾಂತದ ಬೆಟ್ಟದ ಉಪಾಹಾರಗೃಹಗಳಲ್ಲಿ ಮಾಂಸವಿಲ್ಲದ ತಿನಿಸು ದೊರೆತರೂ ಅದರಲ್ಲಿ ಮೊಟ್ಟೆ, ಈರುಳ್ಳಿ, ಆಲೂಗೆಡ್ಡೆಗಳಲ್ಲಿ ಒಂದಾದರೂ ಇರುವುದೇ ಹೆಚ್ಚು. ಆದ್ದರಿಂದ ಹೋಟೆಲನ್ನು ಬಿಟ್ಟು ಅಡುಗೆಮನೆಯುಳ್ಳ ಬಾಡಿಗೆಯ ಮನೆಯನ್ನು ಹುಡುಕಿದೆವು. ಮಧ್ಯಾಹ್ನಕ್ಕೆ ಚಪಾತಿಯ ಬುತ್ತಿ. ಇನ್ನು ರಾತ್ರಿಭೋಜನತ್ಯಾಗ. ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯಾಸ್ತ. ಬೆಟ್ಟದ ಲಿಫ್ಟುಗಳು ನಿಲ್ಲುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಂದರೆ ಕಲಿತು ದಣಿದವನು ಹಸಿದೇ ಮಲಗಬೇಕು. ಮಾರ್ಚ್ ನಡುವಿನಲ್ಲಾದರೆ ಆರು ದಾಟಿದ ಮೇಲೂ ಬೆಳಕಿರುತ್ತದೆ. ನಮ್ಮ ತಿಂಗಳನ್ನು ಗೊತ್ತುಮಾಡಿದ್ದು ಹೀಗೆ ಊಟದ ನಿಯಮವೇ. ಚಳಿಯ ಕಾರಣವೂ ಇದರೊಡನೆ ಅರ್ಧ ಕರಗಿತು. ಉಳಿದರ್ಧಕ್ಕೆ ಬಾತುಕೋಳಿಯ ಪುಕ್ಕ ತುಂಬಿದ ಅಂಗಿಯ ಬದಲು ಕೃತಕ ನೂಲಿನದನ್ನು ಆರಿಸಿಕೊಂಡೆ. ವಯಸ್ಸಿಗೆ ಮದ್ದಿಲ್ಲ, ವಿಮೆಯಿದೆ. ಷೆಂಗೆನ್ ವೀಸಾ ಕೇಳುವ 30,000 ಯೂರೊಗಳ ವಿಮೆ ಚಳಿಗಾಲದ ಕ್ರೀಡೆಗಳನ್ನು ಒಳಗೊಳ್ಳದೆಯೂ ಇರಬಹುದು ಎಂಬುದನ್ನು ಸಣ್ಣಕ್ಷರಗಳಲ್ಲಿ ಓದಿ, ಬೇರೆಯಾಗಿ ಹಣ ಕಟ್ಟಿದೆ.

ಬೆಟ್ಟದ ಹಳ್ಳಿಯಲ್ಲಿ ತಂಗದೆ ನಗರದಲ್ಲಿ ತಂಗುವುದಕ್ಕೆ ಮಗಳ ಮನೆಯಲ್ಲದೆ ಮತ್ತೊಂದು ಕಾರಣವುಂಟು. ಹೊಸಬನಿಗೆ ಈ ಆಟ ಒಗ್ಗದೆಯೇ ಹೋಗಬಹುದು. ಆಗ ಹಳ್ಳಿಯಲ್ಲಿ ಮಾಡಲು ಬೇರೇನೂ ಇರುವುದಿಲ್ಲ. ಇನ್ಸ್‌ಬ್ರುಕ್‌ನಲ್ಲಿ ಹೋಫ್‌ಕಿರ್ಖೆ ಎಂಬ ಇಗರ್ಜಿಯಿದೆ. ಅದರಲ್ಲಿ ಚಕ್ರವರ್ತಿ ಒಂದನೆಯ ಮ್ಯಾಕ್ಸಿಮಿಲಿಯನ್ನನ ಭವ್ಯ ಸಮಾಧಿಯ ಸುತ್ತ 28 ಕಂಚಿನ ಪ್ರತಿಮೆಗಳು ಕಾವಲು ನಿಂತಿವೆ. ಆದರೆ ಸಮಾಧಿ ಖಾಲಿ. ಅವನ ದೇಹವಿರುವುದು ದೂರದ ವೀನರ್ ನಾಯ್‌ಸ್ಟಾಟ್‌ನಲ್ಲಿ. ನಿಸಿದಿಗಲ್ಲುಗಳನ್ನು ಓದುತ್ತ ಬೆಳೆದವನಿಗೆ ಇಂಥ ಸಮಾಧಿಯೊಂದನ್ನು ನೋಡಲು ಅರ್ಧ ದಿನ ಸಾಲದು.

ಯಾವ ಬೆಟ್ಟ ಎಂಬ ಪ್ರಶ್ನೆಯಲ್ಲಿ ನಾನು ಎಡವಿದೆ. ನಗರದ ನೆತ್ತಿಯ ಮೇಲೆಯೇ ನಾರ್ಡ್‌ಕೆಟ್ಟೆ ಶ್ರೇಣಿಯಿದೆ. 574 ಮೀಟರ್ ಎತ್ತರದ ನಗರದ ನಡುವಿನಿಂದ ಹೊರಟು, ರೈಲು ಮತ್ತು ತೂಗುಬಂಡಿಗಳ ಮೂಲಕ 2,256 ಮೀಟರ್ ಎತ್ತರದ ಹಾಫೆಲೆಕಾರ್ ನಿಲ್ದಾಣವನ್ನು ಸ್ವಲ್ಪ ಹೊತ್ತಿನಲ್ಲೇ ಮುಟ್ಟಬಹುದು. ಹತ್ತಿರದ್ದು, ಚೆಲುವಾದದ್ದು ಎಂದು ಅದನ್ನೇ ಬರೆದಿಟ್ಟೆ. ಮಗಳು ಅದನ್ನು ಹೊಡೆದುಹಾಕಿದಳು. ಆ ತುದಿಯಿಂದ ಇಳಿಯುವ ಕಡಿದಾದ ಕೊರಕಲಿಗೆ ನುರಿತವರೂ ಅಂಜುತ್ತಾರಂತೆ. ಮುಟರ್ಸ್ ಹಳ್ಳಿಗೆ ನಗರದಿಂದ ಟ್ರಾಮ್ ಉಂಟು. ಅಲ್ಲಿನ ಇಳಿಜಾರುಗಳೂ ಸೌಮ್ಯ. ಆದರೆ ಕಡಿಮೆ ಎತ್ತರದ ಜಾಗವಾದ್ದರಿಂದ ಮಾರ್ಚಿನಲ್ಲಿ ಹಿಮದ ಭರವಸೆಯಿಲ್ಲ. 1964ರ ಒಲಿಂಪಿಕ್ಸ್ ಕಾಲದಲ್ಲಿ ಈ ನಗರದ ಸುತ್ತ ಹಿಮವೇ ಸಾಲದೆ ಸೈನಿಕರು ಎತ್ತರದ ಬೆಟ್ಟಗಳಿಂದ ಹೊತ್ತು ತಂದು ಹರಡಬೇಕಾಯಿತಂತೆ. ಕೊನೆಗೆ ಸುಮಾರು 2,020 ಮೀಟರ್ ಎತ್ತರದ ಕ್ಯೂಟಾಯ್ ನಿಶ್ಚಯವಾಯಿತು. ಬಸ್ಸಿದೆ, ಹಿಮವಿದೆ, ಹೊಸಬರಿಗೆಂದೇ ಊರ ಮಗ್ಗುಲಲ್ಲಿ ಅಭ್ಯಾಸದ ಇಳಿಜಾರಿದೆ. ಮೂರು ದಿನಗಳ ಗುಂಪುಪಾಠ. ಹಲಗೆ, ಬೂಟು, ಶಿರಸ್ತ್ರಾಣ ಬಾಡಿಗೆಗೆ.

ಕಲಿಕೆಯನ್ನು ಹೀಗೆ ಮೆಟ್ಟಿಲುಗಟ್ಟಿದ ಕೀರ್ತಿಯ ದೊಡ್ಡ ಪಾಲು ಅದೇ ಪ್ರಾಂತದ ಆರ್ಲ್‌ಬರ್ಗ್ ಸೀಮೆಯ ಹಾನೆಸ್ ಶ್ನೈಡರ್‌ನದು. 1907ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಸಾಂಕ್ಟ್ ಆಂಟನ್ ಎಂಬ ಊರಿನಲ್ಲಿ ಅವನು ಪ್ರವಾಸಿಗಳಿಗೆ ಕಲಿಸಲು ತೊಡಗಿದ. ಮೊದಲು ಹಲಗೆಗಳ ತುದಿಗಳನ್ನು ಕೂಡಿಸಿ ಹಿಂಬದಿಯನ್ನು ಅಗಲಿಸಿ ನೇಗಿಲಿನಂತೆ ಹಿಡಿದು ವೇಗವನ್ನು ತಡೆಯುವುದು. ಬಳಿಕ ಒಂದು ಕಾಲಿಗೆ ಭಾರ ಕೊಟ್ಟು ತಿರುಗುವುದು. ಕಟ್ಟಕಡೆಗೆ ಎರಡು ಹಲಗೆಗಳನ್ನೂ ಜೋಡಿಯಾಗಿಸಿ ಇಳಿಯುವುದು. ಹೋಗುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಸುವ ಪದ್ಧತಿಯಿದು. ಹಿಂದಿನ ಹಂತ ಮೈಗೂಡದೆ ಮುಂದಿನದಕ್ಕೆ ಹೋಗುವಂತಿಲ್ಲ.

ಇದನ್ನು ಓದುತ್ತಿದ್ದಾಗ ನನಗೆ ಬಹಳ ವರ್ಷಗಳ ಹಿಂದಿನ ಒಬ್ಬ ವಿದ್ಯಾರ್ಥಿನಿ ನೆನಪಾದಳು. ಐಚ್ಛಿಕ ಕನ್ನಡದ ಮೊದಲ ವರ್ಷ, ಮೊದಲ ವಾರ. ಆದಿಪುರಾಣದ ಒಂದು ಚಂಪಕಮಾಲೆಯನ್ನು ಗಟ್ಟಿಯಾಗಿ ಓದುವಂತೆ ಅವಳನ್ನು ಎಬ್ಬಿಸಿ ನಿಲ್ಲಿಸಿದೆ. ಅವಳು ತಡವರಿಸಿದಳು. ಮೂರು ಸಲ ತಿದ್ದಿದೆ. ತರಗತಿ ನಕ್ಕಿತು, ನಾನೂ ನಕ್ಕೆ. ಮುಂದಿನ ವಾರ ಅವಳು ವಿಷಯ ಬದಲಿಸಿಕೊಂಡಳು. ವಡ್ಡಾರಾಧನೆಯ ಗದ್ಯದಿಂದ ಕೈಹಿಡಿದು ನಡೆಸಿ, ಕಂದಪದ್ಯಗಳನ್ನು ದಾಟಿಸಿ, ಆಮೇಲೆ ವೃತ್ತಗಳ ಬಳಿಗೆ ಕರೆದೊಯ್ಯಬೇಕಾದವಳನ್ನು ನಾನು ಮೊದಲ ದಿನವೇ ಹಾಫೆಲೆಕಾರಿನ ತುದಿಗೆ ಒಯ್ದು ತಳ್ಳಿದ್ದೆ. ನನ್ನ ನಾಲ್ಕನೆಯ ಕಾರಣ ಇದೇ: ಬೀಳುವವನನ್ನು ಕಂಡು ನಕ್ಕವನಿಗೆ, ಅದೂ ಮಗಳೆದುರು, ತಾನು ಬೀಳುವ ಭಯ.

ಧರ್ಮದ ಕಡೆಯಿಂದಲೂ ಒಂದು ಲೆಕ್ಕ ಬಾಕಿಯಿದೆ. ನಮ್ಮ ಶಾಸ್ತ್ರಗಳ ಪ್ರಕಾರ ಹಿಮವೂ ಅಪ್ಕಾಯಿಕ ಜೀವವೇ. ನೆಲ, ನೀರುಗಳನ್ನು ನಿಷ್ಪ್ರಯೋಜಕವಾಗಿ ಕದಡುವುದನ್ನೂ ಗುರಿಯಿಲ್ಲದೆ ಅಲೆಯುವುದನ್ನೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸುತ್ತದೆ. ಸ್ಕೀಯಿಂಗ್ ಅದರ ಹೊರಗಿದೆ ಎಂದು ವಾದಿಸುವ ಧೈರ್ಯ ನನಗಿಲ್ಲ. ಮಗಳೊಡನೆ ಕಳೆಯುವ ನಾಲ್ಕು ದಿನ ನಿಷ್ಪ್ರಯೋಜಕವಲ್ಲ ಎಂದಷ್ಟೇ ಹೇಳಬಲ್ಲೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವು 1967ರಲ್ಲಿ ರೂಪಿಸಿದ ಹತ್ತು ನಿಯಮಗಳಲ್ಲಿ ಮೊದಲನೆಯದು ಇನ್ನೊಬ್ಬರಿಗೆ ಅಪಾಯ ತರಬಾರದೆಂಬುದು. ಮೂರನೆಯದು, ಹಿಂದಿನಿಂದ ಬರುವವನು ಮುಂದಿರುವವನನ್ನು ಕಾಪಾಡಿಕೊಂಡೇ ದಾರಿ ಆರಿಸಬೇಕೆಂಬುದು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ ಮುನಿಗಳ ವ್ರತ. ಅದರೊಡನೆ ಇದನ್ನು ಸರಿಗಟ್ಟಲಾಗದು. ಆದರೂ ಇಳಿಯುವವನ ಕಣ್ಣು ತನ್ನ ಕಾಲ್ತುದಿಯ ಮೇಲಿರದೆ ಮುಂದಿನವನ ಮೇಲಿರಬೇಕೆಂಬ ಪಾಠ ನನಗೆ ಪರಿಚಿತವಾದದ್ದೇ.

ಕೊನೆಯ ದಿನವನ್ನು ಬೇರೊಂದಕ್ಕೆ ಮೀಸಲಿಟ್ಟಿದ್ದೇನೆ. ಸಾಂಕ್ಟ್ ಆಂಟನ್ ಹಾದು ಪಶ್ಚಿಮಕ್ಕೆ ಹೋಗುವ ರೈಲು ಕಾನ್‌ಸ್ಟನ್ಸ್ ಸರೋವರದ ದಡದ ಬ್ರೆಗೆನ್ಸ್ ಮುಟ್ಟುತ್ತದೆ, ಪಕ್ಕದಲ್ಲೇ ಲಿಂಡಾವ್. ಜೈನಧರ್ಮ ಬೌದ್ಧಧರ್ಮದ ಕವಲಲ್ಲ, ಸ್ವತಂತ್ರವಾದುದೆಂಬುದಕ್ಕೆ ಮಥುರೆಯ ಶಾಸನಗಳಿಂದ ಆಧಾರ ಒದಗಿಸಿದ ವಿಯೆನ್ನಾದ ಪ್ರಾಧ್ಯಾಪಕ ಗೆಯೋರ್ಗ್ ಬ್ಯೂಲರ್ 1898ರ ಏಪ್ರಿಲ್‌ನಲ್ಲಿ ದೋಣಿವಿಹಾರಕ್ಕೆ ಹೋಗಿ ಮುಳುಗಿದ್ದು ಆ ಸರೋವರದಲ್ಲಿ. ಅಲ್ಲಿ ಸ್ವಲ್ಪ ಹೊತ್ತು ನಿಂತು ಬರಬೇಕು.

ಯೋಜನೆಯ ಹಾಳೆಯನ್ನು ಮಗಳಿಗೆ ಕಳುಹಿಸುವ ಮುನ್ನ ಕೆಳಗೊಂದು ಸಾಲು ಸೇರಿಸಿದ್ದೆ: ಮೊದಲ ದಿನದ ಪಾಠಕ್ಕೆ ನೀನು ಬರುವುದು ಬೇಡ. ಕಳುಹಿಸುವಾಗ ಅದನ್ನು ಅಳಿಸಿದೆ. ನಗಬೇಕೆನಿಸಿದರೆ ನಗಲಿ.