ತೊಂಬತ್ತೈದು ಸೆಕೆಂಡಿನ ವೀಣೆ

ಹಾಡುವ ಪೆಟ್ಟಿಗೆ ನಮ್ಮವರಿಗೆ ಹೊಸದೇನಲ್ಲ. ಹಾರ್ಮೋನಿಯಮ್ಮಿಗೆ ಸ್ವಂತ ಕಂಠವುಂಟು. ಆದರೆ ತಿದಿಯೊತ್ತುವವರಿಲ್ಲದಿದ್ದರೆ ಅದು ಮೂಕ. ಗ್ರಾಮಫೋನಿಗೆ ಪರರ ಕಂಠ. ಬಾಯಿಪಾಠ ಒಪ್ಪಿಸುವ ಹುಡುಗನಂತೆ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಮೆಯಿಲ್ಲ. ಇವೆರಡರ ನಡುವೆ ಹುಟ್ಟಿದ ಕೂಸೊಂದಿದೆ; ಅದರ ಹೆಸರು ಸ್ಯಾಂಪ್ಲರ್. ಇದರಲ್ಲಿ ಕಂಠ ಪರರದು, ಹಾಡು ನಮ್ಮದು. ಯಾವುದೋ ವಾದ್ಯದ ಒಂದೊಂದೇ ಸ್ವರವನ್ನು ಎರವಲು ತಂದು ಒಳಗಿಟ್ಟುಕೊಂಡು, ನಾವು ಮನೆಯೊತ್ತಿದಾಗ ನಮಗೆ ಬೇಕಾದ ವರಸೆಯಲ್ಲಿ ಹೊರಗೆ ಬಿಡುವ ಯಂತ್ರ. (ಮನೆಯೆಂದರೆ ಹಾರ್ಮೋನಿಯಮ್ಮಿನ ಕರಿಮನೆ, ಬಿಳಿಮನೆ ಎನ್ನುತ್ತೇವಲ್ಲ, ಅದು.)

೧೯೭೯ರಲ್ಲಿ ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಎಂಬ ಗೆಳೆಯರು ಇಂಥ ಯಂತ್ರವೊಂದನ್ನು ಫೇರ್‌ಲೈಟ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಅದರ ಬೆಲೆಗೆ ಮನೆಯನ್ನೇ ಕೊಳ್ಳಬಹುದಿತ್ತು. ನನ್ನ ಅಕ್ಕನ ಮಗ ಹಳೆಯ ಸಾಮಾನಿನವರಲ್ಲಿ ಹುಡುಕಿ ತಂದದ್ದು ಅದರ ಬಡ ತಮ್ಮ: ಜಪಾನಿನ ಅಕಾಯಿ ಕಂಪನಿ ೧೯೮೮ರಲ್ಲಿ ಹೊರತಂದ ಎಸ್ ೧೦೦೦. ಡೇವಿಡ್ ಕಾಕರೆಲ್ ಎಂಬ ಇಂಗ್ಲಿಷ್ ಎಂಜಿನಿಯರರ ಬುದ್ಧಿ ಅದರೊಳಗಿದೆ. ಸೆಕೆಂಡಿಗೆ ೪೪,೧೦೦ ಸಲ ಸದ್ದನ್ನು ಅಳೆದು ಬರೆದುಕೊಳ್ಳುತ್ತದೆ. ಕಾರ್ಖಾನೆಯಿಂದ ಬಂದಾಗ ಅದರ ನೆನಪು ೨ ಮೆಗಾಬೈಟು, ಎಂದರೆ ಸುಮಾರು ೨೩ ಸೆಕೆಂಡು. ನಮ್ಮ ಹುಡುಗನದಕ್ಕೆ ಹಿಂದಿನ ಯಜಮಾನರು ೮ ಮೆಗಾಬೈಟು ತುಂಬಿಸಿದ್ದರು, ೯೫ ಸೆಕೆಂಡು. ನನ್ನ ಜೇಬಿನ ಫೋನಿನಲ್ಲಿ ಇದರ ಸಾವಿರ ಪಾಲು ಜಾಗವಿದೆಯಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. “ಮಾವ, ಫೋನು ಎಲ್ಲಾದಕ್ಕೂ ಆಗಲಿ ಅನ್ನುತ್ತೆ. ಇದು ಅನ್ನೋಲ್ಲ” ಎಂದ. ಈಗಿನ ಹುಡುಗರಿಗೆ ಬೇಡವೆನ್ನುವವರು ಮನೆಯಲ್ಲಿ ಯಾರೂ ಉಳಿದಿಲ್ಲವೆಂದು ಕಾಣುತ್ತದೆ. ಪೆಟ್ಟಿಗೆಯನ್ನು ಕೊಂಡು ತರುತ್ತಾರೆ.

ಇಷ್ಟರಲ್ಲಿ ನಮ್ಮ ಸೋದರತ್ತೆಯ ವೀಣೆ ಕೆಟ್ಟಿತು. ಕೆಟ್ಟಿತೆನ್ನುವುದು ಸರಿಯಲ್ಲ, ಮೇಣ ಸಡಿಲವಾಯಿತು. ವೀಣೆಯ ೨೪ ಮೆಟ್ಟಿಲುಗಳು ಕರಿಯ ಮೇಣದಲ್ಲಿ ಕೂತಿರುತ್ತವೆ. ಬೇಸಗೆ ಕಳೆದಂತೆಲ್ಲ ಮೇಣ ಅಲುಗುತ್ತದೆ, ಮೆಟ್ಟಿಲು ಓರೆಯಾಗುತ್ತದೆ. ಕೊನೆಗೊಂದು ದಿನ ಎಲ್ಲವನ್ನೂ ಕಿತ್ತು ಹೊಸ ಮೇಣದಲ್ಲಿ ಕೂರಿಸಬೇಕು. ಹಾಗೆ ಕೂರಿಸಿದ ಮೇಲೆ ವೀಣೆ ಅದೇ, ಧ್ವನಿ ಮಾತ್ರ ಸ್ವಲ್ಪ ಬೇರೆ. ಶೇಷಣ್ಣ, ಸುಬ್ಬಣ್ಣನವರ ಮೈಸೂರಿನಲ್ಲಿ ಇದಕ್ಕೆ ಕೈಬಲ್ಲವರು ಇದ್ದಾರೆ, ಚಿಂತೆ ಅದಲ್ಲ. “ಹೊಸ ಧ್ವನೀನ ಪಳಗಿಸೋದಕ್ಕೆ ನನಗಿನ್ನು ಎಷ್ಟು ವರ್ಷ ಇದೆಯಪ್ಪ?” ಎಂದರು ಅತ್ತೆ. ಅವರಿಗೆ ಎಪ್ಪತ್ತೆಂಟು. “ಅಜ್ಜಿ, ಕಳಿಸೋಕ್ಕೆ ಮುಂಚೆ ನನಗೆ ಎರಡು ದಿನ ಕೊಡಿ” ಎಂದ ಹುಡುಗ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆಂಬುದು ನಮ್ಮ ಗಾದೆ. ವೀಣೆಯ ವಿಷಯದಲ್ಲಿ ಅದು ನಡೆಯದು. ಒಂದೇ ಸ್ವರವನ್ನು ತೆಗೆದು ಎಲ್ಲ ಮನೆಗಳಿಗೂ ಹಂಚಿ ತೋರಿಸಿದ. ಸ್ವರವನ್ನು ಒಂದು ಸ್ಥಾಯಿ ಮೇಲೇರಿಸಬೇಕಾದರೆ ಯಂತ್ರ ಅದನ್ನು ಇಮ್ಮಡಿ ವೇಗದಲ್ಲಿ ಓಡಿಸುತ್ತದೆ. ಸದ್ದಿನ ಆಯುಸ್ಸು ಅರ್ಧವಾಗುತ್ತದೆ. ಅತ್ತೆಯ ವೀಣೆ ಮೇಲಿನ ಮನೆಗಳಲ್ಲಿ ಸೊಳ್ಳೆಯಾಗಿತ್ತು, ಕೆಳಗಿನವುಗಳಲ್ಲಿ ನಿದ್ದೆಗಣ್ಣಿನ ಎಮ್ಮೆಯಾಗಿತ್ತು. ಆದ್ದರಿಂದ ಮೂರು ಮೂರು ಮನೆಗೊಂದು ಸ್ವರ ತೆಗೆಯಬೇಕು: ನಡುವಣ ಮನೆಗೆ ನಿಜವಾದದ್ದು, ಎಡಬಲದವಕ್ಕೆ ಅದನ್ನೇ ಅರ್ಧ ಸ್ವರ ಎಳೆದದ್ದು. ಈ ಗುಂಪಿಗೆ ಅವರ ಭಾಷೆಯಲ್ಲಿ ಕೀಗ್ರೂಪ್ ಎಂದು ಹೆಸರು. ನಾನು ವಠಾರ ಎಂದೆ. ನಮ್ಮ ಮನೆಯಲ್ಲಿ ಆ ಹೆಸರೇ ನಿಂತಿತು.

ಪ್ರತಿ ವಠಾರಕ್ಕೂ ನಾಲ್ಕು ಅಂತಸ್ತು ಕಟ್ಟಬಹುದು. ಬೆರಳು ಎಷ್ಟು ವೇಗವಾಗಿ ಇಳಿಯಿತೆಂಬುದನ್ನು ೧ರಿಂದ ೧೨೭ರವರೆಗಿನ ಅಂಕಿಯಲ್ಲಿ ತಿಳಿದು, ಯಂತ್ರ ಆಯಾ ಅಂತಸ್ತಿನ ಬಾಗಿಲು ತೆರೆಯುತ್ತದೆ: ಮೆಲ್ಲನೆ ಮೀಟಿದ್ದು, ಹದವಾಗಿ ಮೀಟಿದ್ದು, ಬಿರುಸಾಗಿ ಮೀಟಿದ್ದು. ಒಂದೇ ಸ್ವರದ ಸದ್ದನ್ನು ಏರಿಸಿ ಇಳಿಸಿದರೆ ಸಾಲದೆ? ಸಾಲದು. ಪಿಸುಮಾತನ್ನು ಧ್ವನಿವರ್ಧಕದಲ್ಲಿ ಬಿಟ್ಟರೆ ಅದು ಕೂಗಾಗುವುದಿಲ್ಲ, ದೊಡ್ಡ ಪಿಸುಮಾತಾಗುತ್ತದೆ, ಅಷ್ಟೆ. ತಂತಿಯನ್ನು ಬಿರುಸಾಗಿ ಮೀಟಿದಾಗ ಮೂಲಸ್ವರದ ಜೊತೆಗೆ ಮೇಲಿನ ಅನುಸ್ವರಗಳೂ ಹೆಚ್ಚಾಗಿ ಎದ್ದು, ಬಣ್ಣವೇ ಬದಲಾಗುತ್ತದೆ.

ಇಲ್ಲಿ ಮನೆಯಲ್ಲಿ ಚರ್ಚೆ ಎದ್ದಿತು. ಅನುಮಂದ್ರದ ಪಂಚಮದಿಂದ ಸಾರಣಿಯ ಕೊನೆಯ ಮೆಟ್ಟಿಲವರೆಗೆ ಎಣಿಸಿದರೆ ೪೨ ಸ್ವರಸ್ಥಾನ. ಸರಾಸರಿ ಎರಡೆರಡು ಸೆಕೆಂಡಿನಂತೆ ೮೪ ಸೆಕೆಂಡಿಗೆ ಎಲ್ಲವೂ ಒಂದೊಂದು ಸಲ ಹಿಡಿಸುತ್ತವೆ. ಇಲ್ಲವೇ ಹದಿನಾಲ್ಕು ವಠಾರ, ಮೂರು ಅಂತಸ್ತು. ಅದೂ ೪೨, ಅದೂ ೮೪ ಸೆಕೆಂಡು. ಎಲ್ಲ ಪದಗಳನ್ನೂ ಒಂದೊಂದೇ ಅರ್ಥದೊಡನೆ ಕೊಡುವ ನಿಘಂಟು ಬೇಕೋ, ಕೆಲವೇ ಪದಗಳನ್ನು ಎಲ್ಲ ಛಾಯೆಗಳೊಡನೆ ಕೊಡುವುದು ಬೇಕೋ? ಕಾಲೇಜಿನಲ್ಲಿ ಪಾಠ ಹೇಳುವವನಾದ ನಾನು ಮೊದಲನೆಯದರ ಕಡೆ ವಾಲಿದೆ. ಒಂದು ಮೆಟ್ಟಿಲೂ ಬಿಟ್ಟುಹೋಗಬಾರದಲ್ಲ! ಅತ್ತೆ ಮಾತ್ರ ಹುಡುಗನ ಪಕ್ಷ. “ಪಕ್ಕದ ಮೆಟ್ಟಿಲಿನ ಸ್ವರಾನ ನಾವು ತಂತಿ ಎಳೆದು ತೆಗೆಯೋಲ್ಲವೇನೋ? ಅದಕ್ಕೇನು ದೋಷ. ಕೈಯೊಂದೇ ಸಮ ಆಗಿಬಿಟ್ಟರೆ ಅದು ವೀಣೆ ಅಲ್ಲ, ಗಂಟೆ ಬಾರಿಸಿದ ಹಾಗೆ” ಎಂದರು. ಅವರ ವೀಣೆ, ಅವರ ಮಾತು, ವಠಾರಗಳೇ ಗೆದ್ದವು.

ಬೆಳಗಿನ ಜಾವ ನಾಲ್ಕಕ್ಕೆ ಶುರು. ಫ್ಯಾನು ಬಂದ್, ಫ್ರಿಜ್ಜು ಬಂದ್. ಆ ಹೊತ್ತಿನಲ್ಲೂ ಯಾರೋ ನೀರಿನ ಪಂಪು ಹಾಕಿದರು. ಪಂಪು ನಿಂತ ಮೇಲೆ ಹುಡುಗ “ಅಜ್ಜಿ, ಷಡ್ಜ” ಎಂದ. “ಯಾವ ಷಡ್ಜ?” ಎಂದರು. ಮಧ್ಯಸ್ಥಾಯಿಯ ಒಂದೇ ಷಡ್ಜ ಆ ವಾದ್ಯದಲ್ಲಿ ನಾಲ್ಕು ಕಡೆ ಸಿಗುತ್ತದೆಂದು ನನಗೆ ತಿಳಿದದ್ದು ಆಗ: ಸಾರಣಿಯನ್ನು ಒತ್ತದೆ ಮೀಟಿದರೆ, ಪಂಚಮದ ತಂತಿಯ ೫ನೆಯ ಮೆಟ್ಟಿಲಲ್ಲಿ, ಮಂದ್ರದ ೧೨ನೆಯದರಲ್ಲಿ, ಅನುಮಂದ್ರದ ೧೭ನೆಯದರಲ್ಲಿ. ನಾಲ್ಕನ್ನೂ ನುಡಿಸಿ ತೋರಿಸಿದರು. ಒಂದು ತೆರೆದದ್ದು, ಒಂದು ದುಂಡನೆಯದು, ಉಳಿದೆರಡು ಗಂಟಲಿನ ಆಳದಿಂದ ಬಂದಂಥವು. ಪಂಚಮದ ತಂತಿಯದನ್ನು ಅವರೇ ಆರಿಸಿದರು. ಕಷ್ಟವಾದದ್ದು ಬೇರೆ ಕಡೆ. ಆರು ದಶಕ ಸ್ವರದಿಂದ ಸ್ವರಕ್ಕೆ ಜಾರಿ, ಕಂಪಿಸಿ ರೂಢಿಯಾದ ಎಡಗೈ ಒಂದೆಡೆ ಸುಮ್ಮನೆ ನಿಲ್ಲಲೊಲ್ಲದು. ಗಾಂಧಾರ ಎಂದಾಗಲೆಲ್ಲ ಬೆರಳು ಅಲ್ಲಾಡುತ್ತಿತ್ತು. ಬಲಗೈಯಿಂದ ಎಡಗೈಯನ್ನು ಗದರಿಸಿಕೊಂಡು ನುಡಿಸಿದರು.

ಮುಂದಿನದು ಹುಡುಗನ ಕೆಲಸ. ಮೀಟುವುದಕ್ಕೆ ಮುಂಚಿನ ಮೌನವನ್ನು ಕತ್ತರಿಸುವುದು. ಬಾಲದ ಒಂದು ತುಂಡನ್ನು ಸುತ್ತಿ ಸುತ್ತಿ ಓಡಿಸಿ, ಎರಡು ಸೆಕೆಂಡಿನ ಸ್ವರವನ್ನು ಐದಾರು ಸೆಕೆಂಡಿಗೆ ಹಿಗ್ಗಿಸಿ ಮೆಲ್ಲನೆ ಆರಿಸುವುದು. ಹೊಲಿಗೆ ತಪ್ಪಿದರೆ ಬಿಕ್ಕಳಿಕೆ ಕೇಳುತ್ತದೆ. ಅಂತಸ್ತಿನಿಂದ ಅಂತಸ್ತಿಗೆ ಏರುವಲ್ಲಿಯೂ ಮೆಟ್ಟಿಲು ಕಾಣದಂತೆ ಒಂದರೊಳಗೊಂದನ್ನು ಬೆರೆಸಬೇಕು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದದ್ರವ್ಯದ ಬಣ್ಣ ಬಿಳುಪೆಂದು ಹೇಳಿದ್ದಾನೆ. ತರಗತಿಯಲ್ಲಿ ಅದನ್ನು ಹೇಳುವಾಗ ಹುಡುಗರು ನಗುತ್ತಾರೆ. ಪೆಟ್ಟಿಗೆಯ ಕಿಂಡಿಯಲ್ಲಿ ಅತ್ತೆಯ ನಿಷಾದ ಬೆಟ್ಟದ ಸಾಲಿನಂತೆ ಮಲಗಿರುವುದನ್ನು ನೋಡಿದಾಗ ನನಗೆ ನಗು ಬರಲಿಲ್ಲ.

ಮೂರನೆಯ ದಿನ ಅತ್ತೆ ಬಂದು ಕೂತು ಒಂದು ಬೆರಳಿನಲ್ಲಿ ಸರಳೆ ನುಡಿಸಿದರು. ಮೆಲ್ಲಗೆ ಒತ್ತಿದರು, ಬಿರುಸಾಗಿ ಒತ್ತಿದರು. “ವೀಣೆ ನಮ್ಮದೇ” ಎಂದರು. ಸ್ವರವನ್ನು ಬಾಗಿಸುವ ಚಕ್ರವೊಂದಿದೆ. ಅದನ್ನು ತಿರುಗಿಸಿ ನೋಡಿ, ಕೈ ತೆಗೆದುಬಿಟ್ಟರು. “ಇನ್ನು ಎಷ್ಟು ಜಾಗ ಇದೆ?” ಎಂದು ಕೇಳಿದರು.

ಹನ್ನೊಂದು ಸೆಕೆಂಡು ಉಳಿದಿತ್ತು. ಮೂರು ತಾಳದ ತಂತಿಗಳಿಗೆ ಎರಡೆರಡರಂತೆ ಆರು ಹೋಯಿತು. ಬಿರುಸಿನ ಮೀಟಿನೊಡನೆ ಅವೂ ಗುಣುಗುವಂತೆ ಹುಡುಗ ನಾಲ್ಕನೆಯ ಅಂತಸ್ತಿನಲ್ಲಿಟ್ಟ. ಉಳಿದ ಐದು ಸೆಕೆಂಡನ್ನು ಅತ್ತೆ ತಮಗೆ ಬೇಕೆಂದರು. ವೀಣೆಯನ್ನು ಮತ್ತೆ ಮಡಿಲಿಗೆಳೆದುಕೊಂಡು, ಈ ಸಲ ಎಡಗೈಯನ್ನು ಗದರಿಸದೆ, ತೋಡಿಯ ಗಾಂಧಾರವನ್ನು ನುಡಿಸಿದರು. ಅದು ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಿ, ಐದು ಸೆಕೆಂಡಿಗೆ ನಿಂತಿತು. “ಇದನ್ನ ಎಳೆಯಬೇಡ, ಕುಗ್ಗಿಸಬೇಡ. ಅಕ್ಕಪಕ್ಕದ ಮನೆಯವರಿಗೆ ಕೊಡಬೇಡ” ಎಂದರು.

ವೀಣೆ ಸೋಮವಾರ ಮೇಣದವರ ಮನೆಗೆ ಹೋಯಿತು. ಪೆಟ್ಟಿಗೆಯಲ್ಲಿದ್ದದ್ದು ಆರು ಫ್ಲಾಪಿಗಳಿಗೆ ಇಳಿಯಿತು. ಸೋನಿಯವರು ಫ್ಲಾಪಿ ಮಾಡುವುದನ್ನು ೨೦೧೧ರಲ್ಲೇ ನಿಲ್ಲಿಸಿದ್ದರಿಂದ ಹುಡುಗ ಇವನ್ನು ಹಳಬರ ಬೀರುಗಳಿಂದ ಬೇಡಿ ತಂದಿದ್ದ. ಐದರಲ್ಲಿ ವಠಾರಗಳಿವೆ. ಆರನೆಯದರಲ್ಲಿ ಇರುವುದು ಒಂದೇ ಸದ್ದು. ಅದರ ಚೀಟಿಯ ಮೇಲೆ “ಅಜ್ಜಿ, ತೋಡಿ, ಒಂಟಿಮನೆ” ಎಂದು ಬರೆದಿದ್ದಾನೆ.